ಕಡಲ ಮೇಲೆ ಚಂದ್ರನ ಲೆಕ್ಕ

ನಡುಗಡಲಲ್ಲಿ ಹಡಗು ಎಲ್ಲಿದೆ ಎಂದು ತಿಳಿಯಲು ಎರಡು ಸಂಖ್ಯೆಗಳು ಬೇಕು, ಅಕ್ಷಾಂಶ ಮತ್ತು ರೇಖಾಂಶ. ಅಕ್ಷಾಂಶವನ್ನು ಆಕಾಶ ಸಲೀಸಾಗಿ ಹೇಳಿಬಿಡುತ್ತದೆ. ಉತ್ತರಾರ್ಧಗೋಳದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅಷ್ಟೇ ಆ ಜಾಗದ ಅಕ್ಷಾಂಶ. ಹಗಲಾದರೆ ನಡುಹಗಲ ಸೂರ್ಯನ ಎತ್ತರವನ್ನು ಅಳೆದರೂ ಸಾಕು. ರೇಖಾಂಶ ಹಾಗೆ ಸಿಗುವುದಿಲ್ಲ. ಭೂಮಿ ತನ್ನ ಸುತ್ತ ತಿರುಗುತ್ತಿರುವುದರಿಂದ ಒಂದೇ ಅಕ್ಷಾಂಶದ ಮೇಲಿರುವ ಎಲ್ಲ ಊರುಗಳೂ ದಿನಕ್ಕೊಮ್ಮೆ ಅದೇ ನಕ್ಷತ್ರಗಳ ಅಡಿಯಲ್ಲಿ ಹಾದುಹೋಗುತ್ತವೆ. ವ್ಯತ್ಯಾಸ ಇರುವುದು ಹೊತ್ತಿನಲ್ಲಿ ಮಾತ್ರ. 24 ಗಂಟೆಗೆ 360 ಡಿಗ್ರಿ ಎಂದರೆ ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಹಡಗಿರುವ ಜಾಗದ ಹೊತ್ತನ್ನು ಸೂರ್ಯನಿಂದಲೋ ನಕ್ಷತ್ರದಿಂದಲೋ ಲೆಕ್ಕ ಹಾಕಬಹುದು. ಅದೇ ಗಳಿಗೆಯಲ್ಲಿ ರೇಖಾಂಶ ಗೊತ್ತಿರುವ ಬೇರೊಂದು ಊರಿನಲ್ಲಿ ಎಷ್ಟು ಹೊತ್ತಾಗಿದೆ ಎಂದು ತಿಳಿದರೆ ಎರಡರ ಅಂತರವೇ ರೇಖಾಂಶ. ದೂರದ ಊರಿನ ಹೊತ್ತು ಕಡಲ ಮೇಲಿದ್ದವನಿಗೆ ತಿಳಿಯುವುದು ಹೇಗೆ ಎಂಬುದೇ ಮುನ್ನೂರು ವರ್ಷ ಯುರೋಪಿನ ರಾಜರನ್ನೂ ಗಣಿತಜ್ಞರನ್ನೂ ಕಾಡಿದ ಪ್ರಶ್ನೆ. ಅದಕ್ಕೆ ದೊರೆತ ಎರಡು ಉತ್ತರಗಳಲ್ಲಿ ಒಂದು ಗಡಿಯಾರ, ಇನ್ನೊಂದು ಚಂದ್ರ. ಗಡಿಯಾರದ ಕತೆ ಹೆಚ್ಚು ಪ್ರಸಿದ್ಧವಾಗಿದೆ. ಆದರೆ ಹದಿನೆಂಟನೇ ಶತಮಾನದ ಕೊನೆಯ ದಶಕಗಳಲ್ಲಿ ಬಹುಪಾಲು ನಾವಿಕರ ಕೈಗೆ ನಿಜವಾಗಿ ಎಟುಕುತ್ತಿದ್ದದ್ದು ಚಂದ್ರನೇ.

ಎಲ್ಲ ಕಡಲುಗಳಲ್ಲೂ ಈ ಪ್ರಶ್ನೆ ಒಂದೇ ತೀವ್ರತೆಯಲ್ಲಿ ಎದುರಾಗಲಿಲ್ಲ. ಅರಬ್ಬಿ ಸಮುದ್ರವನ್ನು ಮಳೆಗಾಳಿಯ ಬಲದಲ್ಲಿ ದಾಟುತ್ತಿದ್ದ ನಾವಿಕರು ರೇಖಾಂಶವಿಲ್ಲದೆಯೇ ಶತಮಾನಗಳ ಕಾಲ ವ್ಯಾಪಾರ ನಡೆಸಿದರು. ಭಾರತದ ಪಶ್ಚಿಮ ಕರಾವಳಿ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಚಾಚಿಕೊಂಡಿದೆ. ಹೊನ್ನಾವರ, ಭಟ್ಕಳ, ಬಸ್ರೂರು, ಮಂಗಳೂರುಗಳಲ್ಲಿ ಯಾವುದನ್ನು ಮುಟ್ಟಬೇಕೋ ಅದರ ಅಕ್ಷಾಂಶಕ್ಕೆ ಬಂದು, ಆ ಅಕ್ಷಾಂಶ ಬಿಡದೆ ಪೂರ್ವಕ್ಕೆ ಸಾಗಿದರೆ ದಡ ಸಿಕ್ಕೇ ಸಿಗುತ್ತದೆ. ಅಕ್ಷಾಂಶ ನೋಡಲು ಕಮಾಲ್ ಎಂಬ ಸಣ್ಣ ಮರದ ಹಲಗೆ ಮತ್ತು ಅದಕ್ಕೆ ಕಟ್ಟಿದ ಗಂಟುಗಳ ದಾರ ಸಾಕಾಗುತ್ತಿತ್ತು. ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ನಕ್ಷತ್ರಕ್ಕೂ ಹೊಂದಿಸಿ, ಎಷ್ಟನೇ ಗಂಟನ್ನು ಹಲ್ಲಿನಲ್ಲಿ ಕಚ್ಚಬೇಕಾಯಿತು ಎಂಬುದರಿಂದ ಎತ್ತರ ತಿಳಿಯುತ್ತಿತ್ತು. ದಡ ಸಮೀಪಿಸಿದೆ ಎಂಬುದಕ್ಕೆ ನೀರಿನ ಬಣ್ಣ, ಆಳ, ಕಡಲ ಹಾವುಗಳೇ ಗುರುತು. ಹದಿನೈದನೇ ಶತಮಾನದ ಹೆಸರಾಂತ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್‌ನ ಗ್ರಂಥದಲ್ಲಿ ಚಂದ್ರನ 28 ಮನೆಗಳ ವಿವರಣೆ ಇದೆ. ಆದರೆ ಆ ಮನೆಗಳು ಅಲ್ಲಿ ಬಳಕೆಯಾಗುವುದು ಋತುವನ್ನೂ ನಕ್ಷತ್ರಗಳನ್ನೂ ಗುರುತಿಸಲು, ರೇಖಾಂಶ ಹಿಡಿಯಲು ಅಲ್ಲ. ಅಟ್ಲಾಂಟಿಕ್ ಮತ್ತು ಪೆಸಿಫಿಕ್‌ಗೆ ಇಳಿದವರಿಗೆ ಈ ಅನುಕೂಲ ಇರಲಿಲ್ಲ. ತಿಂಗಳುಗಟ್ಟಲೆ ನೀರಿನ ನಡುವೆಯೇ ಸಾಗಿ ಒಂದು ಸಣ್ಣ ದ್ವೀಪವನ್ನು ಹುಡುಕಬೇಕಾದಾಗ ರೇಖಾಂಶದ ತಪ್ಪು ಪ್ರಾಣಕ್ಕೇ ಎರವಾಗುತ್ತಿತ್ತು.

ಚಂದ್ರನಿಂದ ರೇಖಾಂಶ ಪಡೆಯುವ ಅತಿ ಹಳೆಯ ದಾರಿ ಗ್ರಹಣ. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ಚಂದ್ರನ ಮೇಲೆಯೇ ಬೀಳುವುದರಿಂದ ಅದು ಕಾಣುವ ಎಲ್ಲ ಊರುಗಳಿಗೂ ಒಂದೇ ಗಳಿಗೆಯಲ್ಲಿ ಕಾಣುತ್ತದೆ. ಹಾಗಾಗಿ ಎರಡು ಊರುಗಳವರು ತಂತಮ್ಮ ಸ್ಥಳೀಯ ಹೊತ್ತನ್ನು ಬರೆದಿಟ್ಟು ಹೋಲಿಸಿದರೆ ರೇಖಾಂಶದ ಅಂತರ ಸಿಗುತ್ತದೆ. ಕ್ರಿ.ಪೂ. 331ರ ಗ್ರಹಣವೊಂದು ಅರ್ಬೇಲಾದಲ್ಲಿ ರಾತ್ರಿಯ ಐದನೇ ಗಂಟೆಗೂ ಕಾರ್ಥೇಜಿನಲ್ಲಿ ಎರಡನೇ ಗಂಟೆಗೂ ಕಂಡಿತೆಂದು ಟಾಲೆಮಿ ಬರೆದಿದ್ದಾನೆ. ಮೂರು ಗಂಟೆ ಎಂದರೆ 45 ಡಿಗ್ರಿ. ನಿಜವಾದ ಅಂತರ ಸುಮಾರು 34 ಡಿಗ್ರಿ. ತತ್ತ್ವ ಸರಿಯಾಗಿತ್ತು, ಹೊತ್ತು ಅಳೆಯುವ ಸಾಧನ ಸಾಲದಾಗಿತ್ತು. ಭಾರತದ ಸೂರ್ಯಸಿದ್ಧಾಂತದಲ್ಲೂ ಇದೇ ವಿಧಾನ ಸ್ಪಷ್ಟವಾಗಿದೆ. ಲಂಕೆ, ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಹಾಯುವ ಮಧ್ಯರೇಖೆಗೆ ಲೆಕ್ಕ ಹಾಕಿದ ಗ್ರಹಣಕಾಲಕ್ಕಿಂತ ತಡವಾಗಿ ಗ್ರಹಣ ಕಂಡರೆ ನೋಡುವವನ ಊರು ಪೂರ್ವಕ್ಕಿದೆ, ಬೇಗ ಕಂಡರೆ ಪಶ್ಚಿಮಕ್ಕಿದೆ. ಆ ಅಂತರಕ್ಕೆ ದೇಶಾಂತರ ಎಂದು ಹೆಸರು. ಕಡಲ ಮೇಲೆ ಇದರ ಉಪಯೋಗ ಕಡಿಮೆ. ಚಂದ್ರಗ್ರಹಣ ವರ್ಷಕ್ಕೆ ಒಂದೆರಡು ಬಾರಿ ಆದೀತು, ಅದೂ ಮೋಡವಿಲ್ಲದಿದ್ದರೆ ಕಂಡೀತು. ನೆರಳಿನ ಅಂಚು ಮಸುಕಾಗಿರುವುದರಿಂದ ಸರಿಯಾದ ಗಳಿಗೆ ಹಿಡಿಯುವುದೂ ಕಷ್ಟ. ಕೊಲಂಬಸ್ ಎರಡು ಬಾರಿ ಪ್ರಯತ್ನಿಸಿದ. 1504ರ ಫೆಬ್ರವರಿ 29ರ ಗ್ರಹಣವನ್ನು ಆತ ಜಮೈಕಾದಲ್ಲಿ ನೋಡಿದ. ಮುದ್ರಿತ ಪಂಚಾಂಗದ ನೆರವಿನಿಂದ ಗ್ರಹಣವನ್ನು ಮೊದಲೇ ಹೇಳಿ ಅಲ್ಲಿನ ಜನರನ್ನು ಬೆದರಿಸಿ ಆಹಾರ ಪಡೆದದ್ದು ಇದೇ ಸಂದರ್ಭದಲ್ಲಿ.

ಗ್ರಹಣಕ್ಕೆ ಕಾಯಬೇಕಾಗಿಲ್ಲ, ಚಂದ್ರ ದಿನವೂ ಚಲಿಸುತ್ತಲೇ ಇರುತ್ತಾನೆ ಎಂಬ ಹೊಳಹನ್ನು 1514ರಲ್ಲಿ ಬರಹಕ್ಕಿಳಿಸಿದವನು ನ್ಯೂರೆಂಬರ್ಗ್‌ನ ಪಾದ್ರಿ ಯೊಹಾನೆಸ್ ವೆರ್ನರ್. ನಕ್ಷತ್ರಗಳ ಹಿನ್ನೆಲೆಯಲ್ಲಿ ಚಂದ್ರ 27.3 ದಿನಕ್ಕೆ ಒಂದು ಸುತ್ತು ಮುಗಿಸುತ್ತಾನೆ. ದಿನಕ್ಕೆ ಸುಮಾರು 13 ಡಿಗ್ರಿ, ಗಂಟೆಗೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು, ಎಂದರೆ ಗಂಟೆಗೆ ಹೆಚ್ಚುಕಡಿಮೆ ತನ್ನ ಬಿಂಬದ ಅಗಲದಷ್ಟು ಪೂರ್ವಕ್ಕೆ ಸರಿಯುತ್ತಾನೆ. ನಕ್ಷತ್ರಗಳು ಅಂಕಿಗಳಾದರೆ ಚಂದ್ರ ಅವುಗಳ ಮೇಲೆ ಓಡುವ ಮುಳ್ಳು. ಇಂಥ ನಕ್ಷತ್ರಕ್ಕೂ ಚಂದ್ರನಿಗೂ ಇಷ್ಟು ಡಿಗ್ರಿ ಅಂತರ ಇದ್ದಾಗ ಯುರೋಪಿನ ಇಂಥ ಊರಿನಲ್ಲಿ ಇಷ್ಟು ಹೊತ್ತು ಎಂದು ಮೊದಲೇ ಲೆಕ್ಕ ಹಾಕಿಟ್ಟರೆ, ಕಡಲ ಮೇಲೆ ಆ ಅಂತರವನ್ನು ಅಳೆದು ಆ ಊರಿನ ಹೊತ್ತನ್ನು ಓದಿಕೊಳ್ಳಬಹುದು. ಪಂಚಾಂಗ ನೋಡುವ ಮನೆಗಳಿಗೆ ಈ ಎಣಿಕೆ ಹೊಸದಲ್ಲ. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ, ಆಕಾಶದಲ್ಲಿ 13 ಡಿಗ್ರಿ 20 ಕಲೆ ಸಾಗಿದರೆ ಒಂದು ನಕ್ಷತ್ರ. ತಿಥಿ ಮುಗಿಯುವ ಹೊತ್ತನ್ನು ಪಂಚಾಂಗಕಾರ ಒಂದು ಊರಿಗೆ ಲೆಕ್ಕ ಹಾಕಿರುತ್ತಾನೆ. ಆ ಕೊನೆಯನ್ನು ಆಕಾಶದಲ್ಲಿ ಕಣ್ಣಾರೆ ಅಳೆಯಲು ಸಾಧ್ಯವಾದರೆ ಆ ಊರಿನ ಹೊತ್ತೂ ಗೊತ್ತಾಗುತ್ತದೆ. ವೆರ್ನರ್ ಹೇಳಿದ್ದರ ತಿರುಳು ಇದೇ.

ಹೇಳುವುದು ಸುಲಭ, ಮಾಡುವುದಕ್ಕೆ ಮೂರು ಅಡ್ಡಿಗಳಿದ್ದವು. ಚಂದ್ರನ ನಡೆ ನಿಧಾನ. ಅಂತರ ಅಳೆಯುವಾಗ ಒಂದು ಕಲೆ, ಎಂದರೆ ಡಿಗ್ರಿಯ 60ನೇ ಒಂದು ಭಾಗ ತಪ್ಪಿದರೆ ಹೊತ್ತಿನಲ್ಲಿ ಸುಮಾರು ಎರಡು ನಿಮಿಷ ತಪ್ಪುತ್ತದೆ. ಅದರಿಂದ ರೇಖಾಂಶದಲ್ಲಿ ಅರ್ಧ ಡಿಗ್ರಿ, ಸಮಭಾಜಕ ವೃತ್ತದ ಬಳಿ 30 ನಾಟಿಕಲ್ ಮೈಲಿ ಎಡವುತ್ತದೆ. ತೂಗಾಡುವ ಹಡಗಿನ ಮೇಲೆ ನಿಂತು, ಮರದ ಅಡ್ಡಪಟ್ಟಿಯ ಕೋಲು ಹಿಡಿದು ಇಷ್ಟು ಸೂಕ್ಷ್ಮವಾಗಿ ಅಳೆಯುವುದು ವೆರ್ನರನ ಕಾಲದಲ್ಲಿ ಆಗದ ಮಾತು. ಎರಡನೆಯದು, ನಕ್ಷತ್ರಗಳ ಸ್ಥಾನಗಳೇ ಆಗ ಸಾಕಷ್ಟು ನಿಖರವಾಗಿ ಗೊತ್ತಿರಲಿಲ್ಲ. ಮೂರನೆಯದೇ ದೊಡ್ಡದು: ಚಂದ್ರ ಯಾವಾಗ ಎಲ್ಲಿರುತ್ತಾನೆ ಎಂದು ಮೊದಲೇ ಹೇಳುವುದು.

ಚಂದ್ರನಷ್ಟು ಗೋಜಲಿನ ನಡೆ ಬರಿಗಣ್ಣಿಗೆ ಕಾಣುವ ಬೇರೆ ಯಾವ ಆಕಾಶಕಾಯಕ್ಕೂ ಇಲ್ಲ. ಭೂಮಿಗೆ ಸಮೀಪ ಬಂದಾಗ ವೇಗ ಹೆಚ್ಚು, ದೂರ ಹೋದಾಗ ಕಡಿಮೆ. ಆ ಸಮೀಪದ ಬಿಂದುವೇ ಆಕಾಶದಲ್ಲಿ ತಿರುಗುತ್ತಿರುತ್ತದೆ. ರಾಹು ಕೇತುಗಳೆಂದು ಕರೆಯುವ ಕಕ್ಷೆಯ ಛೇದಬಿಂದುಗಳು 18.6 ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಸುತ್ತುತ್ತವೆ. ಸೂರ್ಯನ ಸೆಳೆತ ಇವೆಲ್ಲದರ ಮೇಲೆ ಮತ್ತಷ್ಟು ಏರುಪೇರು ತರುತ್ತದೆ. ದಕ್ಷಿಣ ಭಾರತದ ಗಣಕರು 248 ದಿನಗಳ ಚಕ್ರವನ್ನು ಹಿಡಿದು, ಒಂದೊಂದು ದಿನದ ಚಂದ್ರಸ್ಥಾನವನ್ನು ಒಂದೊಂದು ಪದಪುಂಜದಲ್ಲಿ ಅಡಗಿಸಿದ ಚಂದ್ರವಾಕ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು. ತಿಥಿ ಮತ್ತು ಗ್ರಹಣಗಳ ಅಗತ್ಯಕ್ಕೆ ಅದು ಸಾಕಿತ್ತು. ಕಡಲಿಗೆ ಬೇಕಾದ ಒಂದು ಕಲೆಯ ನಿಖರತೆ ಹದಿನೆಂಟನೇ ಶತಮಾನದವರೆಗೂ ಜಗತ್ತಿನ ಯಾವ ಗಣಿತಕ್ಕೂ ದಕ್ಕಿರಲಿಲ್ಲ.

ಫ್ರಾನ್ಸಿನಲ್ಲಿ ಜಾಂ ಬಾಪ್ತಿಸ್ತ್ ಮೊರಾಂ 1634ರಲ್ಲಿ ವಿಧಾನವನ್ನು ಪರಿಷ್ಕರಿಸಿ ಕಾರ್ಡಿನಲ್ ರಿಷೆಲ್ಯೂ ಮುಂದಿಟ್ಟ. ಪರಿಶೀಲನೆಗೆ ನೇಮಕವಾದ ಸಮಿತಿ ಅದು ಕಾರ್ಯಸಾಧ್ಯವಲ್ಲವೆಂದಿತು. ನಾಲ್ಕು ದಶಕಗಳ ನಂತರ ಲಂಡನ್ನಿನ ಆಸ್ಥಾನಕ್ಕೆ ಅಂಥದ್ದೇ ಸಲಹೆ ಬಂದಾಗ, ಯುವಕ ಜಾನ್ ಫ್ಲಾಮ್‌ಸ್ಟೀಡ್ ನಕ್ಷತ್ರಗಳ ಪಟ್ಟಿಯೂ ಚಂದ್ರನ ಕೋಷ್ಟಕಗಳೂ ಇದಕ್ಕೆ ಯೋಗ್ಯವಾಗಿಲ್ಲವೆಂದು ನೇರವಾಗಿ ಬರೆದ. ಅವು ಯೋಗ್ಯವಾಗುವಂತೆ ಮಾಡಲೆಂದೇ ಎರಡನೇ ಚಾರ್ಲ್ಸ್ 1675ರಲ್ಲಿ ಗ್ರೀನಿಚ್ ವೀಕ್ಷಣಾಲಯ ಸ್ಥಾಪಿಸಿ ಫ್ಲಾಮ್‌ಸ್ಟೀಡ್‌ನನ್ನು ವರ್ಷಕ್ಕೆ 100 ಪೌಂಡ್ ಸಂಬಳಕ್ಕೆ ನೇಮಿಸಿದ. ಇಂದು ಜಗತ್ತಿನ ಸೊನ್ನೆ ರೇಖಾಂಶ ಹಾಯುವ ಆ ಗುಡ್ಡದ ಮೇಲಿನ ಸಂಸ್ಥೆ ಹುಟ್ಟಿದ್ದು ಚಂದ್ರನನ್ನು ನಾವಿಕರಿಗೆ ಉಪಯೋಗಕ್ಕೆ ತರುವ ಕೆಲಸಕ್ಕಾಗಿ.

1707ರ ಅಕ್ಟೋಬರ್ 22ರ ರಾತ್ರಿ ಅಡ್ಮಿರಲ್ ಕ್ಲೌಡ್ಸ್‌ಲೀ ಶವೆಲ್‌ನ ನಾಲ್ಕು ಯುದ್ಧನೌಕೆಗಳು ಸಿಲಿ ದ್ವೀಪಗಳ ಬಂಡೆಗೆ ಬಡಿದು 1400ಕ್ಕೂ ಹೆಚ್ಚು ಜನ ಸತ್ತರು. ದುರಂತಕ್ಕೆ ರೇಖಾಂಶವೊಂದೇ ಕಾರಣವಲ್ಲ. ಅಕ್ಷಾಂಶದ ಅಂದಾಜು, ದಿಕ್ಸೂಚಿ, ನಕ್ಷೆ ಎಲ್ಲವೂ ಕೈಕೊಟ್ಟಿದ್ದವು. ಆದರೂ ಜನರ ಮನಸ್ಸಿನಲ್ಲಿ ಅದು ರೇಖಾಂಶದ ದುರಂತವಾಗಿಯೇ ಉಳಿಯಿತು. 1714ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡಿ, ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ವಿಧಾನಕ್ಕೆ 20,000 ಪೌಂಡ್, ಒಂದು ಡಿಗ್ರಿಯೊಳಗಾದರೆ 10,000 ಪೌಂಡ್ ಬಹುಮಾನ ಘೋಷಿಸಿತು.

ಅಳತೆಯ ಅಡ್ಡಿ ಮೊದಲು ನೀಗಿತು. 1731ರಲ್ಲಿ ಜಾನ್ ಹ್ಯಾಡ್ಲಿ ಎರಡು ಕನ್ನಡಿಗಳ ಆಕ್ಟೆಂಟನ್ನು ರಾಯಲ್ ಸೊಸೈಟಿಗೆ ತೋರಿಸಿದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫಿಲಡೆಲ್ಫಿಯಾದಲ್ಲಿ ಥಾಮಸ್ ಗಾಡ್‌ಫ್ರಿ ಕೂಡ ಸ್ವತಂತ್ರವಾಗಿ ಅದನ್ನು ರೂಪಿಸಿದ್ದ. ಎರಡು ಕನ್ನಡಿಗಳಲ್ಲಿ ಪ್ರತಿಫಲಿಸಿದ ಒಂದು ಬಿಂಬವನ್ನೂ ನೇರವಾಗಿ ಕಾಣುವ ಇನ್ನೊಂದು ಬಿಂಬವನ್ನೂ ಒಂದೇ ಕಣ್ಣಿನಲ್ಲಿ ಕೂಡಿಸುವುದು ಅದರ ಜಾಣ್ಮೆ. ಹಡಗು ತೂಗಾಡಿದರೆ ಎರಡೂ ಒಟ್ಟಿಗೆ ತೂಗಾಡುತ್ತವೆ, ಒಂದರ ಪಕ್ಕ ಇನ್ನೊಂದು ಹಾಗೆಯೇ ನಿಂತಿರುತ್ತದೆ. ಆಕ್ಟೆಂಟಿನಲ್ಲಿ 90 ಡಿಗ್ರಿಯವರೆಗೆ ಅಳೆಯಬಹುದಿತ್ತು. ಚಂದ್ರನ ಅಂತರಗಳಿಗೆ ಅದು ಸಾಲದೆಂದು ನೌಕಾಪಡೆಯ ಕ್ಯಾಪ್ಟನ್ ಜಾನ್ ಕ್ಯಾಂಪ್‌ಬೆಲ್ 1757ರ ಸುಮಾರಿಗೆ ಅದನ್ನು 120 ಡಿಗ್ರಿಗೆ ಹಿಗ್ಗಿಸಲು ಸೂಚಿಸಿದ. ಹೀಗೆ ಸೆಕ್ಸ್‌ಟೆಂಟ್ ಬಂತು. ಇಂದಿಗೂ ಹಡಗುಗಳಲ್ಲಿ ಇರುವ ಆ ಉಪಕರಣದ ಅಳತೆಯ ವ್ಯಾಪ್ತಿಯನ್ನು ನಿರ್ಧರಿಸಿದ್ದು ಚಂದ್ರನ ಕೆಲಸವೇ.

ಗಣಿತದ ಅಡ್ಡಿ ಬಿಡಿಸಿಕೊಳ್ಳಲು ಹೆಚ್ಚು ಕಾಲ ಬೇಕಾಯಿತು. ಭೂಮಿ, ಚಂದ್ರ, ಸೂರ್ಯ ಮೂರೂ ಒಂದನ್ನೊಂದು ಎಳೆಯುವ ಲೆಕ್ಕ ನ್ಯೂಟನ್‌ನಿಗೂ ಪೂರ್ತಿ ಬಗ್ಗಲಿಲ್ಲ. ಚಂದ್ರನ ಕಕ್ಷೆ ತಿರುಗುವ ವೇಗ ಲೆಕ್ಕದಲ್ಲಿ ನಿಜದ ಅರ್ಧದಷ್ಟೇ ಬರುತ್ತಿತ್ತು. 1747ರಲ್ಲಿ ಪ್ಯಾರಿಸ್ಸಿನ ಕ್ಲೆರೋ ಗುರುತ್ವ ನಿಯಮವನ್ನೇ ತಿದ್ದಬೇಕಾದೀತು ಎಂದು ಬಹಿರಂಗವಾಗಿ ಹೇಳಿದ. ಎರಡು ವರ್ಷಗಳಲ್ಲಿ, ತಾನು ಕೈಬಿಟ್ಟಿದ್ದ ಪದಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ನಿಯಮ ಸರಿಯಾಗಿಯೇ ಇದೆ ಎಂದು ಕಂಡು ತನ್ನ ಮಾತನ್ನು ಹಿಂತೆಗೆದುಕೊಂಡ. ನಾವಿಕರ ಒಂದು ಅಗತ್ಯ ಗುರುತ್ವ ಸಿದ್ಧಾಂತದ ಅತ್ಯಂತ ಕಠಿಣ ಪರೀಕ್ಷೆಯಾಗಿ ಮಾರ್ಪಟ್ಟದ್ದು ವಿಜ್ಞಾನದ ಇತಿಹಾಸದಲ್ಲಿ ಗಮನಿಸಬೇಕಾದ ಸಂಗತಿ. ಕ್ಲೆರೋ, ಆಯ್ಲರ್, ದಲಾಂಬೇರ್ ಮೂವರೂ ಇದರಲ್ಲಿ ದುಡಿದರು. ಆದರೆ ಕಡಲಿಗೆ ಒಗ್ಗುವ ಕೋಷ್ಟಕ ಬಂದದ್ದು ಕಡಲಿನಿಂದ ದೂರದ ಗೋಟಿಂಗೆನ್‌ನಲ್ಲಿದ್ದ ಟೋಬಿಯಾಸ್ ಮೇಯರ್‌ನಿಂದ.

1723ರಲ್ಲಿ ಮಾರ್ಬಾಖ್‌ನಲ್ಲಿ ಹುಟ್ಟಿದ ಮೇಯರ್ ಬಹುಮಟ್ಟಿಗೆ ಸ್ವಂತ ಓದಿನಿಂದ ಗಣಿತ ಕಲಿತವನು. ನ್ಯೂರೆಂಬರ್ಗ್‌ನ ಭೂಪಟ ಕಾರ್ಯಾಲಯದಲ್ಲಿ ದುಡಿಯುವಾಗ, ಊರುಗಳ ರೇಖಾಂಶ ಸರಿಯಿಲ್ಲದೆ ನಕ್ಷೆ ಸರಿಯಾಗದೆಂದು ಅರಿತು ಚಂದ್ರನತ್ತ ತಿರುಗಿದ. ಆಯ್ಲರನ ಸಮೀಕರಣಗಳನ್ನು ತೆಗೆದುಕೊಂಡು, ಅವುಗಳಲ್ಲಿನ ಗುಣಾಂಕಗಳನ್ನು ನೂರಾರು ವೀಕ್ಷಣೆಗಳಿಗೆ ಹೊಂದಿಸಿ ತಿದ್ದಿದ. ಶುದ್ಧ ಸಿದ್ಧಾಂತಕ್ಕೆ ಅಂಟಿಕೊಂಡವರು ಸೋತಲ್ಲಿ ಸಿದ್ಧಾಂತವನ್ನೂ ವೀಕ್ಷಣೆಯನ್ನೂ ಬೆಸೆದ ಮೇಯರ್ ಗೆದ್ದ. 1753ರಲ್ಲಿ ಪ್ರಕಟವಾದ ಕೋಷ್ಟಕಗಳನ್ನು ಸುಧಾರಿಸಿ ಲಂಡನ್ನಿಗೆ ಕಳುಹಿಸಿದಾಗ, ಗ್ರೀನಿಚ್‌ನ ಜೇಮ್ಸ್ ಬ್ರಾಡ್ಲಿ ತನ್ನ ವೀಕ್ಷಣೆಗಳೊಂದಿಗೆ ಹೋಲಿಸಿ, ತಪ್ಪು ಒಂದೂವರೆ ಕಲೆಯನ್ನು ಮೀರುವುದಿಲ್ಲವೆಂದು ವರದಿ ಕೊಟ್ಟ. ಮೇಯರ್ ಅದರ ಫಲ ನೋಡಲಿಲ್ಲ. 1762ರಲ್ಲಿ, 39ನೇ ವಯಸ್ಸಿನಲ್ಲಿ ತೀರಿಕೊಂಡ. ಇನ್ನೂ ಉತ್ತಮಪಡಿಸಿದ ಅವನ ಕೊನೆಯ ಕೋಷ್ಟಕಗಳನ್ನು ಹೆಂಡತಿ ಮಾರಿಯಾ ಲಂಡನ್ನಿಗೆ ತಲುಪಿಸಿದರು. 1765ರಲ್ಲಿ ಅವರಿಗೆ 3,000 ಪೌಂಡ್, ಆಯ್ಲರನಿಗೆ 300 ಪೌಂಡ್ ದೊರೆಯಿತು.

ಕೋಷ್ಟಕ ನಾವಿಕನ ಕೈಗೆ ಬಂದರೂ ಅದರಿಂದ ಚಂದ್ರನ ಸ್ಥಾನ ತೆಗೆದು ರೇಖಾಂಶಕ್ಕೆ ತಲುಪಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಇದನ್ನು ಸ್ವತಃ ಮಾಡಿ ನೋಡಿದವನು ನೆವಿಲ್ ಮಾಸ್ಕೆಲಿನ್. ಶುಕ್ರ ಸಂಕ್ರಮ ನೋಡಲು 1761ರಲ್ಲಿ ಸೇಂಟ್ ಹೆಲೆನಾಗೆ ಹೋಗಿಬರುವ ದಾರಿಯಲ್ಲಿ ಮೇಯರನ ಕೋಷ್ಟಕಗಳಿಂದ ಹಡಗಿನ ರೇಖಾಂಶ ಲೆಕ್ಕ ಹಾಕಿ, 1763ರಲ್ಲಿ ನಾವಿಕರಿಗಾಗಿ ಪುಸ್ತಕ ಬರೆದ. 1765ರಲ್ಲಿ ಗ್ರೀನಿಚ್‌ನ ಮುಖ್ಯಸ್ಥನಾದ ಮೇಲೆ ಲೆಕ್ಕದ ಭಾರವನ್ನು ಹಡಗಿನಿಂದ ದಡಕ್ಕೆ ವರ್ಗಾಯಿಸಲು ನಿಶ್ಚಯಿಸಿದ. ಅಂತರಗಳನ್ನೇ ಮೊದಲೇ ಲೆಕ್ಕ ಹಾಕಿ ಅಚ್ಚು ಹಾಕುವ ಯೋಚನೆ ಫ್ರಾನ್ಸಿನ ಲಕಾಯ್‌ನದು. ಅದನ್ನು ನಡೆಸಿ ತೋರಿಸಿದ್ದು ಮಾಸ್ಕೆಲಿನ್‌ನ ‘ನಾಟಿಕಲ್ ಆಲ್ಮನಾಕ್’. 1767ರ ವರ್ಷಕ್ಕೆ ಮೊದಲ ಸಂಪುಟ ಬಂತು. ಚಂದ್ರ ಕಾಣುವ ದಿನಗಳಲ್ಲಿ ಮೂರು ಮೂರು ಗಂಟೆಗೊಮ್ಮೆ, ಗ್ರೀನಿಚ್ ಹೊತ್ತಿನಲ್ಲಿ, ಸೂರ್ಯನಿಂದ ಮತ್ತು ಆಯ್ದ ನಕ್ಷತ್ರಗಳಿಂದ ಚಂದ್ರನ ಅಂತರ ಅದರಲ್ಲಿ ಇರುತ್ತಿತ್ತು. ನಾವಿಕನ ಲೆಕ್ಕ ಅರ್ಧ ಗಂಟೆಗೆ ಇಳಿಯಿತು.

ಆಯ್ದ ನಕ್ಷತ್ರಗಳು ಒಂಬತ್ತು, ಎಲ್ಲವೂ ಚಂದ್ರನ ದಾರಿಯಿಂದ ತೀರ ದೂರವಿಲ್ಲದವು. ಅವುಗಳಲ್ಲಿ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ, ಶ್ರವಣ ನಕ್ಷತ್ರಗಳ ಮುಖ್ಯ ತಾರೆಗಳಿದ್ದವು, ಪುನರ್ವಸುವಿನ ಒಂದು ತಾರೆಯೂ ಪೂರ್ವಾಭಾದ್ರೆಯ ಒಂದು ತಾರೆಯೂ ಇದ್ದವು. ಉಳಿದವು ಮೇಷ ರಾಶಿಯ ಅತಿ ಪ್ರಕಾಶದ ತಾರೆ ಮತ್ತು ದಕ್ಷಿಣದ ಫೊಮಾಲ್‌ಹಾಟ್. ಎರಡು ಬೇರೆ ಬೇರೆ ಪರಂಪರೆಗಳು ಒಂದೇ ತಾರೆಗಳನ್ನು ಆರಿಸಿಕೊಂಡದ್ದು ಸಹಜವೇ. ಚಂದ್ರನ ದಾರಿಯಲ್ಲಿ ಕಣ್ಣಿಗೆ ಎದ್ದು ಕಾಣುವ ತಾರೆಗಳು ಅಷ್ಟೇ ಇರುವುದು.

ಆಲ್ಮನಾಕ್‌ನ ಅಂಕಿಗಳನ್ನು ತುಂಬಿದ್ದು ಗ್ರೀನಿಚ್‌ನಲ್ಲಿ ಕುಳಿತ ಪಂಡಿತರಲ್ಲ. ಇಂಗ್ಲೆಂಡಿನ ಹಳ್ಳಿ ಪಟ್ಟಣಗಳಲ್ಲಿ ಮನೆಯಲ್ಲೇ ಕುಳಿತು ಲೆಕ್ಕ ಹಾಕುವ ಗಣಕರಿಗೆ ಮಾಸ್ಕೆಲಿನ್ ಅಂಚೆಯ ಮೂಲಕ ಕೆಲಸ ಹಂಚುತ್ತಿದ್ದ. ಒಂದೇ ತಿಂಗಳನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಲೆಕ್ಕ ಹಾಕಬೇಕು, ಮೂರನೆಯವನು ಎರಡನ್ನೂ ತಾಳೆ ನೋಡಬೇಕು. ಹಾಗೆ ತಾಳೆ ನೋಡುವ ಹೊಣೆ ಬಹುಕಾಲ ಕಾರ್ನ್‌ವಾಲ್‌ನ ಪಾದ್ರಿ ಮಲಾಕಿ ಹಿಚಿನ್ಸ್‌ನದಾಗಿತ್ತು. ಇಬ್ಬರು ಗಣಕರು ಪರಸ್ಪರ ನಕಲು ಮಾಡಿದ್ದು ಬಯಲಾದಾಗ ಇಬ್ಬರನ್ನೂ ಕೆಲಸದಿಂದ ತೆಗೆಯಲಾಯಿತು. ಲಡ್ಲೋ ಊರಿನ ಮೇರಿ ಎಡ್ವರ್ಡ್ಸ್ ಗಂಡನ ಹೆಸರಿನಲ್ಲಿ ಬರುತ್ತಿದ್ದ ಲೆಕ್ಕದ ಬಹುಭಾಗ ಮಾಡುತ್ತಿದ್ದರು. 1784ರಲ್ಲಿ ಗಂಡ ತೀರಿಕೊಂಡ ಮೇಲೆ ಸ್ವಂತ ಹೆಸರಿನಲ್ಲೇ ಅದನ್ನು ಮುಂದುವರಿಸಿ ಸಂಸಾರ ಸಾಕಿದರು. ಅವರ ನಂತರ ಮಗಳು ಎಲಿಜಾ ಅದೇ ಕೆಲಸ ಹಿಡಿದರು. 1830ರ ದಶಕದ ಆರಂಭದಲ್ಲಿ ಲೆಕ್ಕವೆಲ್ಲ ಲಂಡನ್ನಿನ ಒಂದೇ ಕಚೇರಿಗೆ ಸೇರುವವರೆಗೂ ಮನೆಯಲ್ಲೇ ಕುಳಿತು ಮಾಡುವ ಈ ಕೆಲಸ ನಡೆಯಿತು. ಸಾವಿರಾರು ಹಡಗುಗಳು ನಂಬಿದ್ದು ಈ ಅನಾಮಧೇಯರ ಎಚ್ಚರವನ್ನು. ರೇಖಾಂಶದ ಕತೆ ಹೇಳುವಾಗ ಇವರನ್ನು ಬಿಟ್ಟರೆ ಅದು ಅನ್ಯಾಯ.

ಹಡಗಿನ ಮೇಲೆ ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಒಬ್ಬ ಸೆಕ್ಸ್‌ಟೆಂಟಿನಿಂದ ಚಂದ್ರನ ಬೆಳಗಿದ ಅಂಚಿಗೂ ನಕ್ಷತ್ರಕ್ಕೂ ಇರುವ ಅಂತರ ಅಳೆಯುತ್ತಾನೆ. ಅದೇ ಗಳಿಗೆಯಲ್ಲಿ ಇನ್ನೊಬ್ಬ ಚಂದ್ರನ ಎತ್ತರ, ಮತ್ತೊಬ್ಬ ನಕ್ಷತ್ರದ ಎತ್ತರ ಹಿಡಿಯುತ್ತಾರೆ. ನಾಲ್ಕನೆಯವನು ಸಾಧಾರಣ ಗಡಿಯಾರ ನೋಡಿ ಬರೆದುಕೊಳ್ಳುತ್ತಾನೆ. ಹೀಗೆ ಐದಾರು ಬಾರಿ ಅಳೆದು ಸರಾಸರಿ ತೆಗೆಯಬೇಕು. ಅಂಚಿನಿಂದ ಚಂದ್ರನ ಕೇಂದ್ರಕ್ಕೆ ಬರಲು ಅರ್ಧ ಬಿಂಬದ ಸುಮಾರು 16 ಕಲೆಯನ್ನು, ಅಂಚು ನಕ್ಷತ್ರದ ಕಡೆಗಿದ್ದರೆ ಸೇರಿಸಬೇಕು, ಆಚೆ ಕಡೆಗಿದ್ದರೆ ಕಳೆಯಬೇಕು. ಆಮೇಲೆ ಬರುವುದು ಶೋಧನೆ. ವಾಯುಮಂಡಲದ ವಕ್ರೀಭವನ ಎರಡನ್ನೂ ನಿಜಕ್ಕಿಂತ ಮೇಲೆತ್ತಿ ತೋರಿಸುತ್ತದೆ. ಚಂದ್ರ ಹತ್ತಿರವಿರುವುದರಿಂದ, ಭೂಮಿಯ ಕೇಂದ್ರದಿಂದ ನೋಡಿದರೆ ಕಾಣುವ ಜಾಗಕ್ಕೂ ಮೇಲ್ಮೈಯಿಂದ ಕಾಣುವ ಜಾಗಕ್ಕೂ ವ್ಯತ್ಯಾಸ ಬೀಳುತ್ತದೆ. ಲಂಬನ ಎಂಬ ಈ ವ್ಯತ್ಯಾಸ ದಿಗಂತದ ಬಳಿ ಸುಮಾರು 57 ಕಲೆಯಷ್ಟಾಗುತ್ತದೆ. ಇವೆರಡನ್ನೂ ಕಳೆದು ಶುದ್ಧ ಅಂತರ ಪಡೆಯಲು ಗೋಲ ತ್ರಿಕೋನಮಿತಿ ಬೇಕು, ಲಾಗರಿದಂ ಕೋಷ್ಟಕ ಬೇಕು, ತಪ್ಪದ ಕೂಡು ಕಳೆ ಬೇಕು. ಲೆಕ್ಕವನ್ನು ಹಗುರ ಮಾಡಲು ಡನ್‌ಥಾರ್ನ್, ಲಯನ್ಸ್, ಬೋರ್ದಾ, ಮೆಂಡೋಜಾ ಒಬ್ಬೊಬ್ಬರೂ ಒಂದೊಂದು ದಾರಿ ತೋರಿಸಿದರು. ಶುದ್ಧ ಅಂತರ ಸಿಕ್ಕಮೇಲೆ ಆಲ್ಮನಾಕ್‌ನಲ್ಲಿ ಅದು ಯಾವ ಎರಡು ಅಂತರಗಳ ನಡುವೆ ಬೀಳುತ್ತದೆ ಎಂದು ನೋಡಿ ಗ್ರೀನಿಚ್ ಹೊತ್ತು ತೆಗೆಯುವುದು ಸುಲಭ. ಅಮಾವಾಸ್ಯೆಯ ಆಚೀಚಿನ ಕೆಲವು ದಿನ ಚಂದ್ರನೇ ಕಾಣದ ಕಾರಣ ಈ ವಿಧಾನಕ್ಕೆ ಬಿಡುವು.

ಕ್ಯಾಪ್ಟನ್ ಕುಕ್ ‘ಎಂಡೆವರ್’ ಹಡಗಿನಲ್ಲಿ 1768ರಿಂದ 1771ರವರೆಗೆ ನಡೆಸಿದ ಮೊದಲ ಮಹಾಯಾನ ಈ ವಿಧಾನದ ದೊಡ್ಡ ಪರೀಕ್ಷೆ. ಆ ಹಡಗಿನಲ್ಲಿ ಕಡಲ ಗಡಿಯಾರ ಇರಲಿಲ್ಲ. ಕುಕ್ ಮತ್ತು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಚಂದ್ರನಿಂದಲೇ ರೇಖಾಂಶ ಹಿಡಿದು ನ್ಯೂಜಿಲೆಂಡನ್ನೂ ಆಸ್ಟ್ರೇಲಿಯದ ಪೂರ್ವ ಕರಾವಳಿಯನ್ನೂ ನಕ್ಷೆಗೆ ತಂದರು. ನ್ಯೂಜಿಲೆಂಡ್ ಆ ನಕ್ಷೆಯಲ್ಲಿ ಸುಮಾರು ಅರ್ಧ ಡಿಗ್ರಿ ಪೂರ್ವಕ್ಕೆ ಸರಿದಿದೆಯೆಂದು ಮುಂದಿನ ಯಾನದಲ್ಲಿ ತಿಳಿಯಿತು. ಅಲ್ಲಿಯವರೆಗೆ ಪೆಸಿಫಿಕ್ ದ್ವೀಪಗಳು ನಕ್ಷೆಗಳಲ್ಲಿ ಹಲವು ಡಿಗ್ರಿಗಳಷ್ಟು ಅಲೆದಾಡುತ್ತಿದ್ದವು. ಅದಕ್ಕೆ ಹೋಲಿಸಿದರೆ ಇದು ಅಪೂರ್ವ ಸಾಧನೆ. ಗ್ರೀನ್ ಮರಳುವ ದಾರಿಯಲ್ಲಿ, 1771ರ ಜನವರಿಯಲ್ಲಿ ಹಡಗಿನ ಮೇಲೆಯೇ ಕಾಯಿಲೆಯಿಂದ ಸತ್ತ.

ಈ ಹೊತ್ತಿಗೆ ಜಾನ್ ಹ್ಯಾರಿಸನ್‌ನ ಗಡಿಯಾರ ಗೆದ್ದಾಗಿತ್ತು. ಅವನ ನಾಲ್ಕನೇ ಗಡಿಯಾರ 1761-62ರ ಜಮೈಕಾ ಯಾನದಲ್ಲಿ 81 ದಿನಕ್ಕೆ ಐದು ಸೆಕೆಂಡು ಮಾತ್ರ ಹಿಂದೆ ಬಿದ್ದಿತ್ತು. ಅದರ ಪ್ರತಿಯನ್ನು ಲಾರ್ಕಮ್ ಕೆಂಡಾಲ್ ಮಾಡಿಕೊಟ್ಟ, ಕುಕ್ ಎರಡನೇ ಯಾನದಲ್ಲಿ ಒಯ್ದು ಮೆಚ್ಚಿದ. ಹ್ಯಾರಿಸನ್‌ನಿಗೆ ಹಣ ಕೊಡಲು, 1714ರ ಬಹುಮಾನದ ಹೊಣೆ ಹೊತ್ತಿದ್ದ ರೇಖಾಂಶ ಮಂಡಳಿ ಸತಾಯಿಸಿದ್ದರಲ್ಲಿ ಮಾಸ್ಕೆಲಿನ್‌ನ ಪಾತ್ರ ಎಷ್ಟು ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಗಡಿಯಾರ ಮತ್ತು ಚಂದ್ರರನ್ನು ಎದುರಾಳಿಗಳಾಗಿ ಮಾತ್ರ ನೋಡುವುದು ಸರಿಯಲ್ಲ. ಕೆಂಡಾಲ್‌ನ ಒಂದು ಪ್ರತಿಗೆ 450 ಪೌಂಡ್ ಬಿದ್ದಿತು. ಸೆಕ್ಸ್‌ಟೆಂಟ್ ಮತ್ತು ಆಲ್ಮನಾಕ್ ಅದರ ಒಂದು ಸಣ್ಣ ಪಾಲಿನ ಬೆಲೆಗೆ ಸಿಗುತ್ತಿದ್ದವು. ಗಡಿಯಾರದ ತಪ್ಪು ದಿನದಿನಕ್ಕೆ ಸೇರಿ ಬೆಳೆಯುತ್ತದೆ, ಅದು ನಿಂತರೆ ಎಲ್ಲವೂ ನಿಂತಂತೆ. ಚಂದ್ರನ ಅಳತೆಯಲ್ಲಿ ಒಂದೊಂದು ಬಾರಿಯ ತಪ್ಪು ದೊಡ್ಡದಿರಬಹುದು, ಆದರೆ ಅದು ಮುಂದಿನ ಅಳತೆಗೆ ದಾಟುವುದಿಲ್ಲ. ದಿನದ ರೇಖಾಂಶವನ್ನು ಗಡಿಯಾರದಿಂದ ತೆಗೆದು, ಗಡಿಯಾರ ನೆಟ್ಟಗಿದೆಯೇ ಎಂದು ಚಂದ್ರನಿಂದ ನೋಡಿಕೊಳ್ಳುವುದೇ ಬಲ್ಲ ನಾವಿಕರ ಪದ್ಧತಿಯಾಯಿತು. 1801ರಿಂದ ಆಸ್ಟ್ರೇಲಿಯವನ್ನು ಸುತ್ತಿ ಅಳೆದ ಮ್ಯಾಥ್ಯೂ ಫ್ಲಿಂಡರ್ಸ್ ಹಾಗೆಯೇ ಮಾಡಿದ. ನೆಲದ ಮೇಲಿನ ಅನ್ವೇಷಕರೂ ಇದನ್ನು ಕಲಿತರು. 1803ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅಮೆರಿಕದ ಒಳನಾಡಿನಲ್ಲಿ ಚಂದ್ರನ ಅಂತರಗಳನ್ನು ಬರೆದಿಟ್ಟರು. ಸೇಲಮ್ ಬಂದರಿನ ನಥಾನಿಯಲ್ ಬೌಡಿಚ್ ತನ್ನ ಹಡಗಿನ ಸಾಮಾನ್ಯ ಖಲಾಸಿಗಳಿಗೂ ಈ ಲೆಕ್ಕ ಕಲಿಸಿದ. 1802ರಲ್ಲಿ ಅವನು ಪ್ರಕಟಿಸಿದ ಕೈಪಿಡಿ ಇಂದಿಗೂ ಪರಿಷ್ಕೃತವಾಗಿ ಅಚ್ಚಾಗುತ್ತಿದೆ.

ಭಾರತದಲ್ಲಿ ಈ ಇತಿಹಾಸದ ಒಂದು ಕವಲು ಮದ್ರಾಸಿನಲ್ಲಿ ಬೇರೂರಿತು. ಕೋರಮಂಡಲ ಕರಾವಳಿಯ ರೇಖಾಂಶ ಸರಿಯಿಲ್ಲದೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಅಪಾಯವಿತ್ತು. ನಾವಿಕ ಹಡಗಿನಲ್ಲಿ ಎಷ್ಟೇ ಚೆನ್ನಾಗಿ ಲೆಕ್ಕ ಹಾಕಿದರೂ ನಕ್ಷೆಯಲ್ಲಿ ದಡವೇ ತಪ್ಪಾಗಿದ್ದರೆ ಫಲವಿಲ್ಲ. 1786ರಲ್ಲಿ ವಿಲಿಯಂ ಪೆಟ್ರಿ ಮದ್ರಾಸಿನಲ್ಲಿ ಖಾಸಗಿಯಾಗಿ ಆರಂಭಿಸಿದ್ದ ವೀಕ್ಷಣಾಲಯವನ್ನು ಕಂಪನಿ ವಹಿಸಿಕೊಂಡು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಡ ಕಟ್ಟಿಸಿತು. ಖಗೋಳ, ಭೂಗೋಳ, ನೌಕಾಯಾನ ಮೂರರ ಏಳಿಗೆಯೂ ಅದರ ಉದ್ದೇಶ. ಬ್ರಿಟಿಷ್ ಭೂಮಾಪಕ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ತ್ರಿಕೋನಗಳಲ್ಲಿ ಅಳೆಯುವಾಗ ರೇಖಾಂಶಕ್ಕೆ ಮದ್ರಾಸನ್ನೇ ಆಧಾರವಾಗಿಟ್ಟುಕೊಂಡ. ಹಾಗಾಗಿ ಮೈಸೂರು ಸೀಮೆಯ ಊರುಗಳೂ ನಕ್ಷೆಯಲ್ಲಿ ಕುಳಿತದ್ದು ಆ ವೀಕ್ಷಣಾಲಯದ ಲೆಕ್ಕದಿಂದ. ಮುಂದೆ ರೈಲುಗಳೂ ಬಹುಕಾಲ ಮದ್ರಾಸ್ ಹೊತ್ತಿನಲ್ಲಿ ಓಡಿದವು. ಆ ಸಂಸ್ಥೆಯ ಪರಂಪರೆ ಕೊಡೈಕೆನಾಲ್ ಮೂಲಕ ಬೆಳೆದು, ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಾಗಿ ಮುಂದುವರಿದಿದೆ.

ಹತ್ತೊಂಬತ್ತನೇ ಶತಮಾನ ಸಾಗಿದಂತೆ ಗಡಿಯಾರಗಳು ಅಗ್ಗವಾದವು. 1831ರಲ್ಲಿ ಹೊರಟ ‘ಬೀಗಲ್’ ಹಡಗೊಂದರಲ್ಲೇ 22 ಕ್ರೋನೋಮೀಟರುಗಳು, ಎಂದರೆ ಕಡಲ ಗಡಿಯಾರಗಳು, ಇದ್ದವು. 1833ರಿಂದ ಗ್ರೀನಿಚ್‌ನಲ್ಲಿ ದಿನಕ್ಕೊಮ್ಮೆ ಬೀಳುವ ಹೊತ್ತಿನ ಚೆಂಡನ್ನು ನೋಡಿ ಥೇಮ್ಸ್ ನದಿಯ ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದವು. ಬೇರೆ ಬಂದರುಗಳಿಗೂ ಆ ವ್ಯವಸ್ಥೆ ಹರಡಿತು. ಚಂದ್ರನ ಲೆಕ್ಕ ಪರೀಕ್ಷೆಗಳಲ್ಲಿ ಉಳಿಯಿತು, ಹಡಗಿನ ನಿತ್ಯದ ಬಳಕೆಯಿಂದ ಮರೆಯಾಯಿತು. ಆದರೆ ಅದು ಬಿಟ್ಟುಹೋದ ಗುರುತು ದೊಡ್ಡದು. ಒಂದು ಶತಮಾನಕ್ಕೂ ಹೆಚ್ಚು ಕಾಲ ನಾವಿಕರು ಗ್ರೀನಿಚ್ ಹೊತ್ತಿನ ಆಲ್ಮನಾಕ್ ಬಳಸಿ ರೇಖಾಂಶ ತೆಗೆದದ್ದರಿಂದ ಅವರ ನಕ್ಷೆಗಳೂ ಗ್ರೀನಿಚ್‌ನಿಂದಲೇ ಎಣಿಸತೊಡಗಿದ್ದವು. 1884ರ ವಾಷಿಂಗ್ಟನ್ ಸಮ್ಮೇಳನ ಸೊನ್ನೆ ರೇಖಾಂಶವನ್ನು ಆರಿಸಿದಾಗ, ಜಗತ್ತಿನ ಹಡಗು ಸಾಗಣೆಯ ಶೇ. 72ರಷ್ಟು ಆಗಲೇ ಗ್ರೀನಿಚ್ ನಕ್ಷೆಗಳನ್ನು ಬಳಸುತ್ತಿತ್ತು.

ಈ ವಿಧಾನದ ಕೊನೆಯ ಹೆಸರಾಂತ ಬಳಕೆದಾರ ಜೋಶುವಾ ಸ್ಲೋಕಮ್. 1895ರಿಂದ 1898ರವರೆಗೆ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಅವನಲ್ಲಿ ಇದ್ದದ್ದು ಒಂದು ಡಾಲರಿನ ತಗಡಿನ ಗಡಿಯಾರ. ಪೆಸಿಫಿಕ್‌ನ ಮಾರ್ಕೇಸಸ್ ದ್ವೀಪಗಳ ಬಳಿ ಚಂದ್ರನ ಅಂತರ ಅಳೆದಾಗ ಲೆಕ್ಕ ತನ್ನ ಅಂದಾಜಿಗಿಂತ ನೂರಾರು ಮೈಲಿ ಆಚೆ ಬಂತು. ಮತ್ತೆ ಮತ್ತೆ ಅಳೆದು, ಅಚ್ಚಾದ ಕೋಷ್ಟಕದಲ್ಲೇ ಒಂದು ತಪ್ಪು ಪತ್ತೆ ಹಚ್ಚಿ ತಿದ್ದಿಕೊಂಡ. ಆಮೇಲೆ ಲೆಕ್ಕ ಅಂದಾಜಿಗೆ ಕೂಡಿಬಂತು. ಬ್ರಿಟಿಷ್ ಆಲ್ಮನಾಕ್ 1906ರ ಸಂಪುಟದೊಂದಿಗೆ ಚಂದ್ರನ ಅಂತರಗಳನ್ನು ಕೈಬಿಟ್ಟಿತು. ಅಷ್ಟರಲ್ಲಿ ರೇಡಿಯೊ ಹೊತ್ತಿನ ಸಂಕೇತಗಳು ಬರತೊಡಗಿದ್ದವು. 1910ರಿಂದ ಐಫೆಲ್ ಗೋಪುರವೂ ಅವನ್ನು ಬಿತ್ತರಿಸಿತು. ಗ್ರೀನಿಚ್ ಹೊತ್ತು ಹಡಗಿಗೆ ತಂತಿಯಿಲ್ಲದೆ ತಲುಪುವಂತಾದ ಮೇಲೆ ಚಂದ್ರನನ್ನು ಹೊತ್ತಿಗಾಗಿ ನೋಡುವ ಅಗತ್ಯ ಉಳಿಯಲಿಲ್ಲ.

ಚಂದ್ರ ಆಲ್ಮನಾಕ್‌ನಿಂದ ಪೂರ್ತಿ ಹೊರಬೀಳಲಿಲ್ಲ, ಕೆಲಸ ಬದಲಾಯಿತು. 1837ರಲ್ಲಿ ಅಮೆರಿಕದ ಕ್ಯಾಪ್ಟನ್ ಥಾಮಸ್ ಸಮ್ನರ್ ಒಂದೇ ಎತ್ತರದ ಅಳತೆಯಿಂದ ಹಡಗು ಇರಬಹುದಾದ ಒಂದು ಗೆರೆ ಸಿಗುತ್ತದೆ ಎಂದು ಕಂಡುಕೊಂಡಿದ್ದ. 1875ರ ಸುಮಾರಿಗೆ ಫ್ರೆಂಚ್ ನೌಕಾಧಿಕಾರಿ ಸೇಂಟ್ ಹಿಲೇರ್ ಅದನ್ನು ಸರಳ ವಿಧಾನವಾಗಿಸಿದ. ಎರಡು ಆಕಾಶಕಾಯಗಳ ಎರಡು ಗೆರೆಗಳು ಕೂಡುವಲ್ಲಿ ಹಡಗು ಇರುತ್ತದೆ. ಹೊತ್ತು ಕೈಯಲ್ಲಿರುವಾಗ ಚಂದ್ರನ ಎತ್ತರವೂ ಅಂಥ ಒಂದು ಗೆರೆ ಕೊಡುತ್ತದೆ. ಲಂಬನದ ತಿದ್ದುಪಡಿ ಮಾತ್ರ ಇಲ್ಲೂ ಬೇಕು, ಮೇಲಂಚು ನೋಡಿದೆಯೋ ಕೆಳಅಂಚೋ ಎಂಬ ಎಚ್ಚರವೂ ಬೇಕು. ರಾತ್ರಿ ಚಂದ್ರನ ಕೆಳಗಿನ ಬೆಳಗಿದ ನೀರು ದಿಗಂತದ ನಿಜವಾದ ಗೆರೆಯನ್ನು ಮರೆಸಬಹುದಾದ್ದರಿಂದ ಮುಸ್ಸಂಜೆ, ಮುಂಜಾವು ಮತ್ತು ಹಗಲೇ ಅದಕ್ಕೆ ಒಳ್ಳೆಯ ಹೊತ್ತು. ಹಗಲಲ್ಲಿ ನಕ್ಷತ್ರಗಳು ಕಾಣವು, ಸೂರ್ಯನೊಬ್ಬನಿಂದ ಒಂದೇ ಗೆರೆ ಸಿಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ನಡುವೆ ಸುಮಾರು 90 ಡಿಗ್ರಿ ಅಂತರ ಇರುವುದರಿಂದ ಎರಡೂ ಗೆರೆಗಳು ಒಂದನ್ನೊಂದು ಚೆನ್ನಾಗಿ ಅಡ್ಡಹಾಯುತ್ತವೆ. ಶುಕ್ಲ ಪಕ್ಷದ ಅಷ್ಟಮಿಯಾದರೆ ಮಧ್ಯಾಹ್ನದ ಮೇಲೆ, ಕೃಷ್ಣ ಪಕ್ಷದ ಅಷ್ಟಮಿಯಾದರೆ ಬೆಳಗಿನಲ್ಲಿ ಎರಡನ್ನೂ ಅಳೆದು ಹಡಗಿನ ಸ್ಥಾನ ಗುರುತಿಸುವುದನ್ನು ಇಂದಿಗೂ ನೌಕಾ ತರಬೇತಿಯಲ್ಲಿ ಕಲಿಸುತ್ತಾರೆ.